ಕುರಿ ಮಂದೆಗೆ ಚೀಲದ ರಸಮೇವು: ತುಳಿದಷ್ಟೂ ಒಳ್ಳೆಯದು

ಪಾವಗಡ, ಶಿರಾ, ಮಧುಗಿರಿ ಕಡೆಯ ಕುರಿಗಾಹಿಗಳಿಗೆ ಈಗ ಮಳೆಯನ್ನು ನಂಬುವಂತಿಲ್ಲ. 2021ರ ನವೆಂಬರ್ ಮಳೆಗೆ ರಾಗಿ ಹೊಲದಲ್ಲೇ ಹಾಳಾಯಿತು, ಹುಲ್ಲೂ ಕೊಳೆಯಿತು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರದ ಪಟ್ಟಿಗೆ ಸೇರಿದವು. ಮೇಯಿಸುವ ಜಾಗವೂ ಕಮ್ಮಿಯಾಗಿದೆ. ಪಾವಗಡದ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಹೋಯಿತಲ್ವಾ? ಹಸಿರು ಇದ್ದಾಗಲೇ ಕೂಡಿಡದಿದ್ದರೆ ಏಪ್ರಿಲ್‌ನಲ್ಲಿ ಗಬ್ಬದ ಕುರಿಗಳನ್ನು ಸಂತೆಗೆ ಹೊಡೆಯಬೇಕಾಗುತ್ತದೆ.

ಹಸಿರು ಮೇವನ್ನು ಗಾಳಿಯಾಡದಂತೆ ಒತ್ತಿಟ್ಟು ಹುಳಿ ಬರಿಸಿದರೆ ಅದೇ ರಸಮೇವು (ಸೈಲೇಜ್). ಅದಕ್ಕೆ ಎಲ್ಲರೂ ಗುಂಡಿ ತೋಡಿ ಎನ್ನುತ್ತಾರೆ. ಹಸು ಸಾಕುವವರಿಗೆ ಅದು ಸರಿ. ಗುಂಡಿ ತೆರೆದ ಮೇಲೆ ದಿನಾ ಒಂದು ಪದರ ಖಾಲಿಯಾಗಬೇಕು, ಸಣ್ಣ ಮಂದೆ ಅಷ್ಟು ತಿನ್ನುವುದಿಲ್ಲ. ಮಂದೆ ಒಂದೇ ಊರಲ್ಲಿ ಇರುವುದೂ ಇಲ್ಲ. ಚೀಲವಾದರೆ ಕುರಿ ತರುಬಿದ ಹೊಲಕ್ಕೇ ಟೆಂಪೋದಲ್ಲಿ ಕಳಿಸಬಹುದು. ಕುರಿಗಾಹಿಗೆ ಚೀಲವೇ ಸರಿ.

ಮೊದಲು ಲೆಕ್ಕ. ಇಡೀ ಮಂದೆಗೆ ಹಾಕುತ್ತೇನೆ ಎಂದು ಹೊರಡಬೇಡಿ. ಗಬ್ಬದ ಕುರಿ, ಹಾಲೂಡಿಸುವ ಕುರಿಗಳಿಗೆ ಮಾತ್ರ ಸಾಕು. ದಿನಕ್ಕೆ ಒಂದು ಕಿಲೋದಂತೆ 20 ಕುರಿಗೆ 60 ದಿನಕ್ಕೆ 1,200 ಕಿಲೋ. 40 ಕಿಲೋ ಹಿಡಿಯುವ 30 ಚೀಲ.

ಮುಸುಕಿನ ಜೋಳ ಎಲ್ಲಕ್ಕಿಂತ ಒಳ್ಳೆಯದು. ಕಾಳಿಗೆ ಉಗುರು ಚುಚ್ಚಿದರೆ ಗಟ್ಟಿ ಹಾಲು ಬರುವ ಹೊತ್ತಿಗೆ ಕೊಯ್ಯಿರಿ. ಜಮೀನಿಲ್ಲದವರು ಮಳೆ ಕೈಕೊಟ್ಟು ತೆನೆ ಕಟ್ಟದ ಹೊಲವನ್ನು ಮಾತಾಡಿಕೊಳ್ಳಿ, ರೈತರೂ ಸಂತೋಷವಾಗಿ ಕೊಡುತ್ತಾರೆ. ಆದರೆ ಬಾಡಿದ ಬೆಳೆಯ ಬುಡದಲ್ಲಿ ಕುರಿಗೆ ವಿಷವಾಗುವ ನೈಟ್ರೇಟ್ ಜಾಸ್ತಿ. ಅದಕ್ಕೇ ನೆಲದಿಂದ ಒಂದು ಗೇಣು ಬಿಟ್ಟು ಕೊಯ್ಯಿರಿ. ಒಣಗಿದ ಬೆಳೆಗೆ ಮಳೆ ಬಿದ್ದಿದ್ದರೆ ನಾಲ್ಕೈದು ದಿನ ತಡೆಯಿರಿ. ಎಳೆ ಬಿಳಿಜೋಳದ ತಂಟೆ ಬೇಡ, ಅದರಲ್ಲಿ ವಿಷ ಇರುತ್ತದೆ.

ಚಾಫ್ ಕಟರ್ ಬಾಡಿಗೆಗೆ ತಂದು ಒಂದು ಇಂಚಿಗೆ ಕತ್ತರಿಸಿ. ಮಚ್ಚಿನಲ್ಲಿ ಕೊಚ್ಚಿದ ಉದ್ದ ತುಂಡು ಚೀಲದಲ್ಲಿ ಕೂರುವುದಿಲ್ಲ.

ಇನ್ನು ಜನ ಕೆಡಿಸುವ ಹಂತ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ, ಸ್ವಲ್ಪ ಹೊತ್ತು ಹಿಡಿದು ಬಿಡಿ. ಬೆರಳ ಸಂದಿಯಲ್ಲಿ ನೀರು ಇಳಿದರೆ ಹಸಿ ಜಾಸ್ತಿ, ಅರ್ಧ ದಿನ ಹರಡಿ ಬಾಡಿಸಿ. ತಟ್ಟನೆ ಉದುರಿದರೆ ಒಣಗಿದೆ, ನೀರು ಚಿಮುಕಿಸಿ. ಅಂಗೈ ತೇವವಾಗಿ ಉಂಡೆ ನಿಧಾನಕ್ಕೆ ಬಿಚ್ಚಿಕೊಂಡರೆ ಸರಿ. ಪ್ರತಿ ರಾಶಿಗೂ ಹೀಗೆ ನೋಡಿ. ಬೆಳಿಗ್ಗೆ ಕೊಯ್ದದ್ದೂ ಮಧ್ಯಾಹ್ನ ಕೊಯ್ದದ್ದೂ ಒಂದೇ ಥರ ಇರುವುದಿಲ್ಲ.

100 ಕಿಲೋ ಮೇವಿಗೆ ಒಂದು ಕಿಲೋ ಬೆಲ್ಲ, ಅರ್ಧ ಕಿಲೋ ಉಪ್ಪು. ಕರಗಿಸಿ ಚಿಮುಕಿಸಿ. ಅಂಗಡಿಯವರು ತೋರಿಸುವ ಕಲ್ಚರ್ (ಹುಳಿ ಬರಿಸುವ ಸೂಕ್ಷ್ಮಜೀವಿ) ಪೊಟ್ಟಣಕ್ಕೆ ದುಡ್ಡು ಸುರಿಯಬೇಡಿ, ಮುಸುಕಿನ ಜೋಳಕ್ಕೆ ಬೆಲ್ಲವೇ ಸಾಕು. ಯೂರಿಯಾ ಅಂತೂ ಬೇಡವೇ ಬೇಡ. ಅಳತೆ ತಪ್ಪಿದರೆ ಕುರಿ ಉಳಿಯುವುದಿಲ್ಲ.

ಚೀಲ ತುಂಬುವಾಗ ಅರ್ಧ ಅಡಿಗಿಂತ ದಪ್ಪ ಪದರ ಹಾಕಬೇಡಿ. ಕಾಲು ತೊಳೆದು ಒಳಗಿಳಿದು ಹಿಮ್ಮಡಿಯಲ್ಲಿ ತುಳಿಯಿರಿ. ನಡುವೆ ತುಳಿಯುವುದು ಸುಲಭ, ಮೂಲೆಗಳನ್ನು ಎಲ್ಲರೂ ಮರೆಯುತ್ತಾರೆ, ಬೂಸ್ಟು ಹಿಡಿಯುವುದೂ ಅಲ್ಲಿಂದಲೇ. ಒಬ್ಬರು ಮೂಲೆ ಎತ್ತಿ ಹಿಡಿದರೆ ಇನ್ನೊಬ್ಬರು ಮುಷ್ಟಿಯಲ್ಲಿ ಗುದ್ದಿ ತುಂಬಬೇಕು. ಹೆಬ್ಬೆರಳಿನಿಂದ ಹೊರಗಿನಿಂದ ಒತ್ತಿದರೆ ತಗ್ಗು ಬೀಳಬಾರದು. ಬಿದ್ದರೆ ಇನ್ನೂ ತುಳಿಯಬೇಕು. ತುಂಬಿದ ಮೇಲೆ ಬಾಯಿ ತಿರುಚಿ, ಮಡಚಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಿರಿ. ಸೆಣಬಿನ ದಾರ ಸಡಿಲವಾಗುತ್ತದೆ.

ಚೀಲ ಎಂದರೆ ಒಳಗೆ ದಪ್ಪ ಪ್ಲಾಸ್ಟಿಕ್, ಹೊರಗೆ ನೇಯ್ದ ಚೀಲ, ಎರಡೂ ಇರಲೇಬೇಕು. ಬರೀ ಗೊಬ್ಬರದ ಚೀಲದಲ್ಲಿ ತುಂಬಿದ್ದು ತಿಪ್ಪೆಗೇ ಹೋಗುತ್ತದೆ. ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳ್ಳಗಿನ ಪ್ಲಾಸ್ಟಿಕ್ಕನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.

ನೆರಳಿನಲ್ಲಿ, ಕಲ್ಲುಚಪ್ಪಡಿ ಮೇಲೆ ಇಡಿ. ಇಲಿ, ಮೇಕೆ ಎರಡರಿಂದಲೂ ದೂರ. ಒಂದೆರಡು ದಿನಕ್ಕೆ ಚೀಲ ಉಬ್ಬಿದರೆ ಗಾಬರಿಯಾಗಿ ಪಿನ್ನು ಚುಚ್ಚಬೇಡಿ, ತಾನಾಗಿ ಇಳಿಯುತ್ತದೆ. 45 ದಿನ ಮುಟ್ಟಬೇಡಿ.

ತೆರೆದಾಗ ಹಳದಿ ಹಸಿರು ಬಣ್ಣ, ಹುಳಿ ಹುಳಿ ವಾಸನೆ ಇರಬೇಕು. "ಮೇಲಿಂದ ಸ್ವಲ್ಪ ಬೂಸ್ಟು ತೆಗೆದು ಹಾಕಿದರಾಯಿತು ಬಿಡಿ" ಎನ್ನುವವರು ಇದ್ದಾರೆ. ಕುರಿಯ ವಿಷಯದಲ್ಲಿ ಆ ಮಾತು ಕೇಳಬೇಡಿ. ಕೆಟ್ಟ ರಸಮೇವಿನಿಂದ ಲಿಸ್ಟೀರಿಯಾ ರೋಗ ಬರುತ್ತದೆ, ಗಬ್ಬ ಕಳಚುತ್ತದೆ. ಕುರಿ ಒಂದೇ ಕಡೆ ಸುತ್ತುತ್ತಿದ್ದರೆ, ಒಂದು ಕಿವಿ ಜೋತುಬಿದ್ದು ಜೊಲ್ಲು ಸುರಿಯುತ್ತಿದ್ದರೆ ಮೇವು ನಿಲ್ಲಿಸಿ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಬರುತ್ತದೆ.

ಮೊದಲ ದಿನ ಒಂದು ಹಿಡಿ, ಹತ್ತು ದಿನದಲ್ಲಿ ಒಂದು ಕಿಲೋಗೆ ಏರಿಸಿ. ಸಂಜೆ ಮಂದೆ ರೊಪ್ಪಕ್ಕೆ ಬಂದ ಮೇಲೆ, ಜೊತೆಗೆ ಒಣಹುಲ್ಲೂ ಇರಲಿ. ಎಳೆ ಮರಿಗೆ ಬೇಡ. ತೆರೆದ ಚೀಲ ಎರಡು ದಿನದೊಳಗೆ ಮುಗಿಯಬೇಕು.

ಹೊರಗಿನ ಚೀಲ ಒಗೆದು ಒಣಗಿಸಿದರೆ ಮುಂದಿನ ವರ್ಷಕ್ಕೂ ಬರುತ್ತದೆ. ಒಳಗಿನ ಪ್ಲಾಸ್ಟಿಕ್ ಮಾತ್ರ ಹೊಸದೇ ಹಾಕಿ. ಹಳೆಯದನ್ನು ಹೊಲದಲ್ಲಿ ಬಿಸಾಡಬೇಡಿ. ಉಪ್ಪು ಬೆಲ್ಲದ ರುಚಿಗೆ ಕುರಿಗಳೇ ಅದನ್ನು ನುಂಗಿಬಿಡುತ್ತವೆ.