ಕಬ್ಬಿಣ ಬಿಟ್ಟು ಚಿನ್ನ ಹಿಡಿದ ಮೇಲೆ ಕಂಡ ಸ್ಟೆಮ್ ಸೆಲ್: ನನ್ನ ಅನುಭವ

ಶಿವಮೊಗ್ಗದಲ್ಲಿ ಕೂತು ಮಾಡುವ ಕೆಲಸವಲ್ಲ ಎಂದವರೇ ಜಾಸ್ತಿ. ಈಗ ಆಗಿದೆ. ಶ್ವಾಸಕೋಶಕ್ಕೆ ಗಾಯ ಮಾಡುವ ಬ್ಲಿಯೋಮೈಸಿನ್ ಔಷಧ ಕೊಟ್ಟ ಇಲಿಯ ಶ್ವಾಸಕೋಶದಲ್ಲಿ ನಾವು ಬಿಟ್ಟ, ಬೇರೆ ಬಗೆಯ ಕೋಶಗಳಾಗಬಲ್ಲ ಸ್ಟೆಮ್ ಸೆಲ್‌ಗಳು ಎಲ್ಲಿ ಕೂತಿವೆ ಎಂದು ಎರಡು ವಾರದ ತನಕ ಸಿಟಿ ಸ್ಕ್ಯಾನಿನಲ್ಲಿ ನೋಡಿದ್ದೇವೆ.

ಸ್ಕ್ಯಾನಿನಲ್ಲಿ ಗುರುತು ಸಿಗಲಿ ಎಂದು ಮೊದಲು ಎಲ್ಲರಂತೆ ಸೆಲ್ ಒಳಗೆ ಐರನ್ ಆಕ್ಸೈಡ್ ಕಣ ತುಂಬಿ ಎಂಆರ್‌ಐ. ಮಿದುಳಿನಲ್ಲಾದರೆ ಸರಿ. ಶ್ವಾಸಕೋಶದ ತುಂಬಾ ಗಾಳಿ, ಚಿತ್ರ ಮೊದಲೇ ಕಪ್ಪು, ಕಬ್ಬಿಣದ ಗುರುತೂ ಕಪ್ಪು. ಹುಡುಕಿ ಹುಡುಕಿ ಲಕ್ಷದ ಹತ್ತಿರ ದುಡ್ಡು ಹೋಯಿತು.

ಆಗ ಸಿಟಿಯಲ್ಲಿ ಬೆಳ್ಳಗೆ ಕಾಣುವ ಚಿನ್ನಕ್ಕೆ ಬಂದೆವು. ಗೋಲ್ಡ್ ಕ್ಲೋರೈಡ್ ಗ್ರಾಂಗೆ 15 ಸಾವಿರದ ಆಸುಪಾಸು ಕೊಟ್ಟ ನೆನಪು. ಅದಕ್ಕೆ ಸಿಟ್ರೇಟ್ ಹಾಕಿ ಕುದಿಸಿದರೆ ಚಿನ್ನದ ನ್ಯಾನೋ ಕಣಗಳಾಗಿ ಚಂದದ ಕೆಂಪು ಬರುತ್ತದೆ. ಸೆಲ್ ಬೆಳೆಸುವ ದ್ರವಕ್ಕೆ (ಮೀಡಿಯಾ) ಸುರಿದರೆ ಕಣ್ಣೆದುರೇ ನೇರಳೆಗೆ ತಿರುಗಿ, ಬೆಳಗಾಗುವಷ್ಟರಲ್ಲಿ ತಳದಲ್ಲಿ ಕಪ್ಪು ಗಸಿ. ತಿಂಗಳುಗಟ್ಟಲೆ ಇದೇ ಕಥೆ. ಕಣದ ಮೇಲಿನ ಲೇಪನ ಬದಲಿಸಿದ ಮೇಲೆ ಕೆಂಪು ಕೆಂಪಾಗೇ ನಿಂತಿತು. ಯಾವ ಲೇಪನ, ಎಷ್ಟು ಹೊತ್ತು ಎನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮಧ್ಯೆ ಸಿಟ್ರೇಟ್ ಬದಲು ತೀರ್ಥಹಳ್ಳಿ ಕಡೆಯ ಅಡಿಕೆ ಬೇಯಿಸಿದ ಚೊಗರು ಹಾಕಿ ನೋಡಿದೆ. ಬಿಸಿ ಮಾಡದೆಯೇ ಬಣ್ಣ ಬಂತು! ಕಣದ ಗಾತ್ರ ಮಾತ್ರ ಒಂದೊಂದು ಸಲ ಒಂದೊಂದು ಥರ. ಇಲಿಗೆ ಕೊಟ್ಟಿಲ್ಲ, ಕೈಯನ್ನೂ ಬಿಟ್ಟಿಲ್ಲ.

ಮಲೆನಾಡಿನ ಮಳೆಗಾಲ ಸೆಲ್ ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಸೆಲ್ ಬೆಳೆಸುವುದಕ್ಕೆ ಶತ್ರು. ಇನ್‌ಕ್ಯುಬೇಟರ್‌ಗೆ ಬೂಷ್ಟು ಹತ್ತಿದರೆ ಮುಗೀತು. ಸೆಲ್ ಬೆಳೆಯಲು ಹಾಕುವ ಸೀರಂ ತೀರಾ ದುಬಾರಿ, ಫ್ಲಾಸ್ಕ್ ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ. ಈಗ ಜೂನ್ ಬಂದರೆ ಸೆಲ್‌ಗಳೆಲ್ಲ ಲಿಕ್ವಿಡ್ ನೈಟ್ರೋಜನ್‌ಗೆ.

ಇಲಿಯಂಥ ಸಣ್ಣ ಪ್ರಾಣಿಗಳ ಸಿಟಿ ಸ್ಕ್ಯಾನರ್ (ಮೈಕ್ರೋ ಸಿಟಿ) ಇರುವುದು ಬೆಂಗಳೂರಿನಲ್ಲಿ, ಇಲಿಗಳೂ ಅಲ್ಲೇ. ಚಿನ್ನ ತುಂಬಿದ ಸೆಲ್‌ಗಳನ್ನು ಐಸ್ ಬಾಕ್ಸಿನಲ್ಲಿಟ್ಟು ರಾತ್ರಿ ರೈಲು ಹತ್ತುತ್ತೇನೆ. ದಾರಿಯಲ್ಲೇ ಅರ್ಧ ಸಾಯುತ್ತವೆ ಎಂದಿದ್ದರು. ಬೆಳಿಗ್ಗೆ ಸತ್ತ ಸೆಲ್‌ಗೆ ಮಾತ್ರ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಿದರೆ ಬದುಕಿದ್ದವು ಶೇ 85ಕ್ಕಿಂತ ಕೆಳಗೆ ಬಂದಿದ್ದು ಅಪರೂಪ.

ಗಾಯವಾದ ಜಾಗವೂ ಸಿಟಿಯಲ್ಲಿ ಬೆಳ್ಳಗೇ ಕಾಣುತ್ತದೆ. ಹಾಗಾಗಿ ಸೆಲ್ ಬಿಡುವ ಮುಂಚೆ ಅದೇ ಇಲಿಯ ಒಂದು ಸ್ಕ್ಯಾನ್ ಬೇಕೇ ಬೇಕು, ಉಸಿರಾಟದ ಒಂದೇ ಹಂತದಲ್ಲಿ ಚಿತ್ರ ಹಿಡಿಯುವ ಗೇಟಿಂಗ್ ಕೂಡ. ಅದಕ್ಕಿಂತ ದೊಡ್ಡ ತಲೆನೋವು ಮ್ಯಾಕ್ರೋಫೇಜ್, ಅಂದರೆ ಕಸ ನುಂಗುವ ರಕ್ಷಕ ಕೋಶ. ಸೆಲ್ ಸತ್ತರೆ ಅದು ಚಿನ್ನವನ್ನು ನುಂಗಿ ಕೂರುತ್ತದೆ, ಸ್ಕ್ಯಾನಿನ ಬಿಳಿ ಚುಕ್ಕೆ ಹಾಗೇ ಉಳಿಯಬಹುದು. ಚುಕ್ಕೆ ಕಂಡಿತು ಅಂದ ಮಾತ್ರಕ್ಕೆ ಸೆಲ್ ಬದುಕಿದೆ ಅಂತಲ್ಲ, ಅಲ್ವಾ? ಅದಕ್ಕೇ ಫ್ರೀಜ್ ಮಾಡಿ ಕರಗಿಸಿ ಸಾಯಿಸಿದ ಸೆಲ್‌ಗಳನ್ನೂ ಚಿನ್ನದ ಸಮೇತ ಇನ್ನೊಂದು ಗುಂಪಿಗೆ ಬಿಟ್ಟೆವು. ಆ ಗುಂಪಿನಲ್ಲಿ ಚುಕ್ಕೆ ಚದುರಿ ಮಸುಕಾಯಿತು. ಬದುಕಿದ್ದ ಸೆಲ್‌ಗಳ ಗುಂಪಿನಲ್ಲಿ ಗಾಯದ ಅಂಚಿಗೇ ಕಚ್ಚಿಕೊಂಡಿತ್ತು. ಈ ಹೋಲಿಕೆ ತೋರಿಸಿದ ಮೇಲೆ ಅನುಮಾನಿಸಿದವರೇ ಪ್ರೋಟೋಕಾಲ್ ಕೇಳಿದರು.

ಮುಂದಿನದು ಲೂಸಿಫರೇಸ್ (ಮಿಂಚುಹುಳದಲ್ಲಿ ಬೆಳಕು ಬರಿಸುವ ಕಿಣ್ವ) ಸೇರಿಸಿದ ಸೆಲ್. ಸತ್ತದ್ದು ಬೆಳಗುವುದಿಲ್ಲ, ಸುಮ್ನೆ ಊಹಿಸುವ ಕೆಲಸ ತಪ್ಪುತ್ತದೆ. ಮಳೆ ನಿಂತ ಕೂಡಲೇ ಶುರು ಮಾಡುತ್ತೇವೆ.