ಹಿಂದಕ್ಕೆ ಜಾರುತ್ತಿದ್ದ ಸೀಟು ಸರಿಯಾಯಿತು

ನಮ್ಮ ಹಳೆಯ ಮಾರುತಿ 800ರ ಡ್ರೈವರ್ ಸೀಟಿನ ಬೆನ್ನು ಬ್ರೇಕ್ ಒತ್ತಿದಾಗಲೆಲ್ಲ ಹಿಂದಕ್ಕೆ ಜಾರುತ್ತಿತ್ತು. ಅಪಾಯದ ವಿಷಯ, ಸುಮ್ನೆ ಬಿಡುವಂಥದ್ದಲ್ಲ. ಬೋಲ್ಟ್ ಬಿಚ್ಚಿ ಸೀಟು ಹೊರಗೆ ತೆಗೆದೆ. ಪಕ್ಕದ ಕವರ್ ಒಳಗೆ ಹಲ್ಲಿನ ಪ್ಲೇಟು, ಅದನ್ನು ಕಚ್ಚಿ ಹಿಡಿಯುವ ಕೊಕ್ಕೆ. ಪುಣ್ಯಕ್ಕೆ ಹಲ್ಲು ಸವೆದಿರಲಿಲ್ಲ. ಮಲ್ಪೆಯ ಉಪ್ಪುಗಾಳಿಗೆ ತುಕ್ಕು ಹಿಡಿದು, ಮರಳೂ ಸೇರಿ, ಕೊಕ್ಕೆ ಪೂರ್ತಿ ಕೂರುತ್ತಿರಲಿಲ್ಲ. ಅದನ್ನು ಎಳೆಯುವ ಪುಟ್ಟ ಸ್ಪ್ರಿಂಗ್ ಕೂಡ ಸಡಿಲ. ಸೀಮೆಎಣ್ಣೆ ಹಾಕಿ ತಂತಿ ಬ್ರಷ್ಷಿನಿಂದ ಉಜ್ಜಿದೆ. ಉಡುಪಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ಸ್ಪ್ರಿಂಗ್ ಸಿಕ್ಕಿತು. ಈಗ ಬೆನ್ನು ಗಟ್ಟಿಯಾಗಿ ನಿಲ್ಲುತ್ತದೆ. ಗ್ರೀಸ್ ಜಾಸ್ತಿ ಬೇಡ, ಮತ್ತೆ ಮರಳು ಅಂಟುತ್ತದೆ ಅಲ್ವಾ? ಹಲ್ಲು ಸವೆದಿದ್ದರೆ ಮಾತ್ರ ವೆಲ್ಡಿಂಗ್ ನಂಬಬೇಡಿ, ಭಾಗವನ್ನೇ ಬದಲಿಸಿ. ಬಿಚ್ಚುವಾಗ ಬೆನ್ನನ್ನು ಮುಂದಕ್ಕೆ ತಳ್ಳುವ ದೊಡ್ಡ ಸುರುಳಿ ಸ್ಪ್ರಿಂಗ್‌ನಿಂದ ಮುಖ ದೂರ ಇಡಿ, ಅದು ಚಿಮ್ಮುತ್ತದೆ.