ಓಪನ್ ಇಲೆಕ್ಟಿವ್ ಹಂಚಿಕೆ: ಮೂರು ಬ್ಯಾಚಿಗೆ ನಾವು ಮಾಡಿದ ಬಗೆ

ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆಗೆ 2021-22ರಲ್ಲಿ ನಮ್ಮ ಪದವಿ ಕಾಲೇಜುಗಳಿಗೆ ಓಪನ್ ಇಲೆಕ್ಟಿವ್ ಬಂತು. ಬಿ.ಎ. ಹುಡುಗ ಕಾಮರ್ಸಿನದೊಂದು ವಿಷಯ ಓದಲಿ, ಬಿ.ಎಸ್ಸಿ. ಹುಡುಗಿ ಇತಿಹಾಸದ್ದೊಂದು ಓದಲಿ ಎಂಬುದು ಅದರ ಆಶಯ. ಮೊದಲ ನಾಲ್ಕು ಸೆಮಿಸ್ಟರಿಗೆ ತಲಾ ಒಂದು ವಿಷಯ, ಒಂದೊಂದಕ್ಕೆ 3 ಕ್ರೆಡಿಟ್. ಧಾರವಾಡದ ನಮ್ಮ ಕಾಲೇಜಿನಲ್ಲಿ ಸಿಲೆಬಸ್ಸಿನಿಂದ ತೊಂದರೆಯಾದದ್ದು ಕಡಿಮೆ. ಕೆಟ್ಟದ್ದೆಲ್ಲ ಟೈಮ್‌ಟೇಬಲ್ಲಿನಲ್ಲಿ ಮತ್ತು ಹುಡುಗರು ಬೇಕಾದ ವಿಷಯ ಬರೆದುಕೊಡುವ ಆಯ್ಕೆ ಚೀಟಿಯಲ್ಲಿ.

ಟೈಮ್‌ಟೇಬಲ್ ಬರೆಯುವಾಗ ಎಲ್ಲಕ್ಕಿಂತ ಮೊದಲು ಓಪನ್ ಇಲೆಕ್ಟಿವ್ ಪೀರಿಯಡ್ ಕೂಡಿಸಬೇಕು. ಥಿಯರಿಯಲ್ಲಿ 1 ಕ್ರೆಡಿಟ್ ಅಂದರೆ ವಾರಕ್ಕೆ 1 ತಾಸು. ಹಾಗಾಗಿ ವಾರಕ್ಕೆ 3 ತಾಸು, 14 ವಾರಕ್ಕೆ 42 ತಾಸು. ಈ 3 ತಾಸು ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮೂವರಿಗೂ ಒಂದೇ ಹೊತ್ತಿಗೆ ಖಾಲಿ ಇರಬೇಕು. ವಿಜ್ಞಾನದವರ ಲ್ಯಾಬ್ ಒಮ್ಮೆ ಕೂತುಬಿಟ್ಟರೆ ಆಮೇಲೆ ಜಾಗ ಹುಡುಕಲು ಬರುವುದಿಲ್ಲ. ಮೊದಲ ಪೀರಿಯಡ್ ಬೇಡ. ಹುಬ್ಬಳ್ಳಿ ಕಡೆಯವರು ತನ್ನದೇ ದಾರಿಯಲ್ಲಿ ಓಡುವ ಚಿಗರಿ ಬಸ್ಸಿನಲ್ಲಿ ಹೊತ್ತಿಗೆ ಸರಿಯಾಗಿ ಇಳಿಯುತ್ತಾರೆ, ಕಲಘಟಗಿ, ನವಲಗುಂದ, ಅಳ್ನಾವರ ಕಡೆಯ ಹಳ್ಳಿ ಹುಡುಗರ ಬಸ್ಸು ಹಾಗಲ್ಲ. ಕೊನೆಯ ಪೀರಿಯಡ್ಡೂ ಬೇಡ, ಅದೇ ಹುಡುಗರು ಬಸ್ ಹಿಡಿಯಲು ಎದ್ದು ಹೋಗುತ್ತಾರೆ. ಮೊದಲ ವರ್ಷ ಕೊನೆಯ ಪೀರಿಯಡ್ ಇಟ್ಟು, ಸೆಮಿಸ್ಟರ್ ಕೊನೆಗೆ ಶೇ. 75 ಹಾಜರಿ ಮುಟ್ಟದವರ ಉದ್ದ ಪಟ್ಟಿ ಹಿಡಿದು ಕೂತಿದ್ದೆವು. ಎರಡನೆಯದೋ ಮೂರನೆಯದೋ ಪೀರಿಯಡ್ ಸರಿ.

ಇನ್ನು ಚೀಟಿ. 240 ಹುಡುಗರು, 6 ವಿಷಯ ಅಂದುಕೊಳ್ಳಿ. ಸಮನಾಗಿ ಹಂಚಿದರೆ ಒಂದಕ್ಕೆ 40. ಹಾಗೆ ಎಂದೂ ಆಗುವುದಿಲ್ಲ. ಸುಲಭ ಅಂತ ಹೆಸರು ಬಿದ್ದ ಒಂದು ವಿಷಯಕ್ಕೇ ನೂರು ಚೀಟಿ ಬೀಳುತ್ತವೆ. ನಾವು ಒಂದು ವಿಷಯಕ್ಕೆ ಗರಿಷ್ಠ 60, ಕನಿಷ್ಠ 15 ಅಂತ ಚೀಟಿ ಹಂಚುವ ಮುಂಚೆಯೇ ನೋಟಿಸ್ ಬೋರ್ಡಿಗೆ ಹಚ್ಚಿದೆವು. ಮೊದಲು ಬಂದವರಿಗೆ ಮೊದಲು ಅನ್ನುವ ಪದ್ಧತಿ ನ್ಯಾಯದ್ದಂತೆ ಕಾಣುತ್ತದೆ, ಆದರೆ ಅದರಲ್ಲಿ ಗೆಲ್ಲುವವರು ಊರೊಳಗಿನ ಹುಡುಗರೇ. ಪಿಯುಸಿ ಅಂಕದ ಮೇಲೆ ಕೊಟ್ಟರೆ ನಾಲ್ಕೂ ಸೆಮಿಸ್ಟರಿಗೆ ಅವೇ ಹುಡುಗರಿಗೆ ಬೇಕಾದ್ದು ಸಿಗುತ್ತದೆ. ಅದಕ್ಕೆ ಹೆಚ್ಚು ಬೇಡಿಕೆಯ ವಿಷಯಕ್ಕೆ ಲಾಟರಿ ಹಾಗೆ ಚೀಟಿ ಎತ್ತಿದೆವು. ಎಕ್ಸೆಲ್ ಹಾಳೆಯಲ್ಲಿ ‘ಎಷ್ಟನೇ ಆಯ್ಕೆ ಸಿಕ್ಕಿತು’ ಎಂಬ ಒಂದು ಕಾಲಂ ಹಾಕಿ, ಈ ಸಲ ಮೂರನೇ ಆಯ್ಕೆ ಸಿಕ್ಕವರನ್ನು ಮುಂದಿನ ಸೆಮಿಸ್ಟರಿನಲ್ಲಿ ಎಲ್ಲರಿಗಿಂತ ಮುಂಚೆ ಕೂಡಿಸಿದೆವು. ಜಗಳ ಅಲ್ಲಿಗೆ ನಿಂತಿತು.

ಚೀಟಿಯಲ್ಲಿ ಮೂರು ಆಯ್ಕೆ ಬರೆಸಬೇಕು, ಮೂರಕ್ಕೂ ವಿಷಯದ ಹೆಸರಿನ ಪಕ್ಕ ಕೋಡ್ ಬರೆಸಬೇಕು. ಅದರ ಕೆಳಗೇ ಅವರ ಮುಖ್ಯ ವಿಷಯಗಳ ಹೆಸರು. ತಾನು ಮುಖ್ಯವಾಗಿ ಓದುವ ವಿಷಯದ್ದೇ ಓಪನ್ ಇಲೆಕ್ಟಿವ್ ತೆಗೆದುಕೊಳ್ಳುವಂತಿಲ್ಲ. ಅರ್ಥಶಾಸ್ತ್ರದ ಹುಡುಗ ಅರ್ಥಶಾಸ್ತ್ರ ವಿಭಾಗದ ಸುಲಭದ ವಿಷಯ ಬರೆದಿದ್ದರೆ ಟೇಬಲ್ ಮುಂದೆಯೇ ಗೊತ್ತಾಗಬೇಕು, ಎಂಟನೇ ವಾರಕ್ಕಲ್ಲ.

ಪಟ್ಟಿ ಹಚ್ಚಿದ ಮೇಲೆ ಬದಲಾವಣೆಗೆ ಒಂದು ವಾರ, ಅಷ್ಟೇ. ಆಮೇಲೆ ಕಾಲೇಜು-ವಿಶ್ವವಿದ್ಯಾಲಯಗಳ ದಾಖಲೆ ಇಡುವ ರಾಜ್ಯದ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ಗೆ ಏರಿಸುವ ಮುಂಚೆ ಪ್ರಿಂಟ್ ತೆಗೆದು ಪ್ರತಿಯೊಬ್ಬರ ಸಹಿ. ಇಲ್ಲೇ ನಾವು ಎಡವಿದ್ದು: ಮೊದಲ ಸಲ ಸಹಿ ಹಾಕಿಸಿದ್ದು ಹೆಸರಿನ ಮುಂದೆ, ಕೋಡಿನ ಮುಂದೆ ಅಲ್ಲ. ಹೆಸರು ಹೆಚ್ಚೂಕಡಿಮೆ ಒಂದೇ ಇರುವ ಎರಡು ವಿಷಯ ಅದಲುಬದಲಾಗಿ ಏರಿದ್ದವು. ಪರೀಕ್ಷೆಗೆ ನಾಲ್ಕು ದಿನ ಇರುವಾಗ ಒಬ್ಬ ಬಂದು, ‘ಸರ, ಓದಿದ್ದ ಒಂದು, ಹಾಲ್ ಟಿಕೆಟ್‌ನ್ಯಾಗ ಬಂದಿದ್ದ ಒಂದು ಐತ್ರಿ’ ಅಂದ. ಮುಂದಿನ ಸಲದಿಂದ ಹುಡುಗರ ಕೈಯಿಂದಲೇ ಕೋಡ್ ಬರೆಸಿ ಅದರ ಎದುರು ಸಹಿ ಹಾಕಿಸಿದೆವು.

ಈ ಮೂರು ಬ್ಯಾಚಿಗೆ ಅಂಕ 60ಕ್ಕೆ ಪರೀಕ್ಷೆ, 40 ಆಂತರಿಕ. ಆಂತರಿಕದ್ದು 20-20ರ ಎರಡು ಕಂತು. ಒಂದೇ ಕೋಣೆಯಲ್ಲಿ ಕನ್ನಡ ಮಾಧ್ಯಮದ ಬಿ.ಎ., ಇಂಗ್ಲಿಷ್ ಮಾಧ್ಯಮದ ಬಿ.ಎಸ್ಸಿ. ಕೂತಿರುತ್ತಾರೆ, ಆದ್ದರಿಂದ ಟೆಸ್ಟಿನ ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿ ಕೊಟ್ಟೆವು. ಅಸೈನ್‌ಮೆಂಟನ್ನು ಬೇರೆ ವಿಭಾಗದವರ ಜೋಡಿ ಮಾಡಿ ಕೊಟ್ಟರೆ ನಕಲು ಕಡಿಮೆ. ಇದು ಪುಸ್ತಕದಲ್ಲಿ ಇಲ್ಲದ ಮಾತು, ನಡೆಯುತ್ತದೆ.

ಕಾಲೇಜಿನ ಪಾಠದ ಬದಲು ಕೇಂದ್ರ ಸರ್ಕಾರದ ಆನ್‌ಲೈನ್ ತಾಣ ‘ಸ್ವಯಂ’ನ ಕೋರ್ಸ್ ಮಾಡುತ್ತೇವೆ ಅನ್ನುವವರು ವರ್ಷಕ್ಕೆ ಹತ್ತಾರು ಜನ. ಯುಜಿಸಿಯ 2021ರ ನಿಯಮದಲ್ಲಿ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಅವಕಾಶ ಇದೆ. ಮೊದಲು ಅವಧಿ ನೋಡಬೇಕು: ಸ್ವಯಂನಲ್ಲಿ ಐಐಟಿಗಳ ಕೋರ್ಸ್ ಕೊಡುವ ಎನ್‌ಪಿಟಿಇಎಲ್‌ನಲ್ಲಿ 12 ವಾರದ ಕೋರ್ಸಿಗೆ 3 ಕ್ರೆಡಿಟ್, 8 ವಾರದ್ದಕ್ಕೆ 2. ಎಂಟು ವಾರದ್ದು ಮುಗಿಸಿ ಬಂದರೆ ಒಂದು ಕ್ರೆಡಿಟ್ ಕಡಿಮೆ ಬೀಳುತ್ತದೆ. ಕೋರ್ಸಿಗೆ ಸೇರುವುದು ಬೇರೆ, ಪರೀಕ್ಷೆಗೆ ಹಣ ಕಟ್ಟಿ ನೋಂದಾಯಿಸುವುದು ಬೇರೆ. ಎರಡನೆಯದನ್ನು ಮರೆತವರೇ ಹೆಚ್ಚು. ಅಸೈನ್‌ಮೆಂಟ್ 25ರಲ್ಲಿ 10, ಪರೀಕ್ಷೆ 75ರಲ್ಲಿ 30 ಎರಡೂ ಬಂದರೇ ಸರ್ಟಿಫಿಕೇಟ್. ಫಲಿತಾಂಶ ನಮ್ಮ ಸೆಮಿಸ್ಟರ್ ಲೆಕ್ಕಕ್ಕೆ ತಡವಾಗಬಹುದು. ಅದಕ್ಕೆ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಮುಂಚೆಯೇ ಬರಹದಲ್ಲಿ ಇರಲಿ.

ಕ್ರೆಡಿಟ್ ಜಮಾ ಆಗಲು 12 ಅಂಕಿಯ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಐಡಿ ಬೇಕು, ಡಿಜಿಲಾಕರಿನಲ್ಲಿ ಐದು ನಿಮಿಷದ ಕೆಲಸ. ನಮ್ಮ ಕಡೆ ಅಡ್ಡಹೆಸರಿನದೇ ಗೋಳು: ಆಧಾರ್ ಕಾರ್ಡಿನಲ್ಲಿ ಕೊನೆಗೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮೊದಲಿಗೆ. ಅಡ್ಮಿಷನ್ ದಿನವೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಹೊಂದದವರನ್ನು ಅಂದೇ ತಿದ್ದುಪಡಿಗೆ ಕಳಿಸಬೇಕು.

2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಹೊರಳಿತು, ಅಂಕ 80-20 ಆಯಿತು. ಆದರೆ ಹಳೆಯ ಮೂರು ಬ್ಯಾಚಿನಲ್ಲಿ ಓಪನ್ ಇಲೆಕ್ಟಿವ್ ಪಾಸಾಗದೆ ಉಳಿಸಿಕೊಂಡವರು ಹಳೆಯ ಲೆಕ್ಕದಲ್ಲೇ ಬರೆಯಬೇಕು. ಅವರ ಆಂತರಿಕ ಅಂಕ 40ಕ್ಕೆ, ಪಕ್ಕದ ಬೆಂಚಿನ ಹೊಸಬನದು 20ಕ್ಕೆ. ಆದ್ದರಿಂದ ರಿಜಿಸ್ಟರನ್ನು ವಿಷಯವಾರು ಇಡುವುದು ಬಿಟ್ಟು, ಪ್ರವೇಶದ ವರ್ಷವಾರು ಬೇರೆ ಬೇರೆ ಬೈಂಡ್ ಮಾಡಿಸಿದೆವು. ಹಳೆಯ ಸ್ಕೀಮಿನದಕ್ಕೆ ಕೆಂಪು ರಟ್ಟು.